ಬ್ಲಫ್ ಕೆಳಗಿನ ಪಂಪ್‌ಹೌಸಿನ ಮೂಕ ಫೋನು

ಮೂರು ವರ್ಷದ ಹಿಂದಿನ ಬೇಸಿಗೆ. ಆಗ ನಾನು ಮಂಡ್ಯದ ಒಂದು ಸಣ್ಣ ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ನಾನು ಓದಿದ್ದು ಡಿಪ್ಲೊಮಾ. ಅದಕ್ಕೂ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೂದಲು ನರೆಯುವ ತನಕ ದುಡಿದು, ಸ್ವಯಂನಿವೃತ್ತಿ ತೆಗೆದುಕೊಂಡು, ಮನೆಯಲ್ಲಿ ಕೈಕಟ್ಟಿ ಕೂರಲಾಗದೆ ಈ ಕೆಲಸಕ್ಕೆ ಸೇರಿಕೊಂಡವಳು. ಕಂಪನಿಯಲ್ಲಿ ಎಲ್ಲರೂ ಸೇರಿ ಐದು ಜನ. ಇಂಟರ್‌ನೆಟ್ ಮೇಲೆ ಓಡುವ ಫೋನುಗಳನ್ನು ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಿಗೆ ಹಾಕಿಕೊಡುವುದು, ಕೆಟ್ಟರೆ ಹೋಗಿ ನೋಡುವುದು ನಮ್ಮ ಕೆಲಸ. ಹಿಂದೆ ಒಂದು ಹಾಲ್ ತುಂಬ ಗಡಗಡ ಅನ್ನುತ್ತಿದ್ದ ಎಕ್ಸ್‌ಚೇಂಜಿನ ಕೆಲಸವನ್ನೆಲ್ಲ ಈಗ ಟಿಫನ್ ಡಬ್ಬಿಯಷ್ಟಿರುವ ಒಂದು ಸರ್ವರ್ ಮಾಡಿ ಮುಗಿಸುತ್ತದೆ. ಮೊದಮೊದಲು ಅದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ನಾನು ಹುಟ್ಟಿದ್ದು ಬೆಸಗರಹಳ್ಳಿ, ಮನೆ ಮಾಡಿದ್ದು ಮದ್ದೂರಿನಲ್ಲಿ. ಮದುವೆ ಆಗಲಿಲ್ಲ, ಆಗಲಿಲ್ಲವಲ್ಲ ಅಂತ ಕೊರಗೂ ಇಲ್ಲ. ನಾನೂ ನಮ್ಮಕ್ಕನೂ ಒಟ್ಟಿಗಿದ್ದೆವು, ಒಟ್ಟಿಗೆ ಜಗಳ ಆಡಿಕೊಂಡು ಚೆನ್ನಾಗಿಯೇ ಇದ್ದೆವು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಕ್ಕ ತೀರಿಕೊಂಡಳು. ಅಲ್ಲಿಂದಾಚೆಗೆ ಕಂಪನಿಯಲ್ಲಿ ಯಾವ ಮೂಲೆಯ ಊರಿನ ಕಂಪ್ಲೇಂಟ್ ಬಂದರೂ ‘ನಾನು ಹೋಗ್ತೀನಿ ಬಿಡ್ರಪ್ಪ’ ಅನ್ನುತ್ತಿದ್ದೆ. ಮಿಕ್ಕ ನಾಲ್ವರೂ ‘ಮೇಡಂಗೆ ಎಷ್ಟು ಉತ್ಸಾಹ ನೋಡು’ ಅನ್ನುತ್ತಿದ್ದರು. ಉತ್ಸಾಹವೂ ಇಲ್ಲ, ಮಣ್ಣೂ ಇಲ್ಲ. ಬೇಗ ಮನೆಗೆ ಹೋಗಿ ಬೀಗ ತೆಗೆಯುವುದಕ್ಕೆ ಮನಸ್ಸು ಬರುತ್ತಿರಲಿಲ್ಲ, ಅಷ್ಟೆ.

ಮಳವಳ್ಳಿ ತಾಲ್ಲೂಕಿನಲ್ಲಿ ಒಂದು ಕುಡಿಯುವ ನೀರಿನ ಯೋಜನೆ ಇತ್ತು. ನಡೆಸುತ್ತಿದ್ದ ಗುತ್ತಿಗೆದಾರರ ಹೆಸರು ಇಲ್ಲಿ ಬೇಡ. ಕಣಿವೆಯ ಅಂಚಿನಲ್ಲಿರುವ ಬ್ಲಫ್ ಅನ್ನುವ ಊರಿನಿಂದ ಕಾಲುದಾರಿ ಹಿಡಿದು ಕೆಳಕ್ಕಿಳಿದರೆ ನದಿದಂಡೆಯಲ್ಲಿ ಕಲ್ಲುಗೋಡೆಯ ಒಂದು ಪಂಪ್‌ಹೌಸ್. ಅಲ್ಲಿಂದ ನೀರು ಮೇಲೆ ಹತ್ತಿ ದೊಡ್ಡ ಟ್ಯಾಂಕಿಗೆ ಬೀಳಬೇಕು, ಟ್ಯಾಂಕಿನಿಂದ ಹಳ್ಳಿಗಳಿಗೆ ಹರಿಯಬೇಕು. ಟ್ಯಾಂಕಿನ ಮಟ್ಟ ಕಾಣುತ್ತಿದ್ದುದು ಮಳವಳ್ಳಿಯ ಕಂಟ್ರೋಲ್ ರೂಮಿನಲ್ಲಿ. ಹಾಗಾಗಿ ಮೋಟರ್ ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅಲ್ಲಿಂದ ಫೋನಿನಲ್ಲಿ ಹೇಳುತ್ತಿದ್ದರು. ಪಂಪ್‌ಹೌಸ್ ಇರುವ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದು ರೇಡಿಯೊ ಲಿಂಕ್, ಅದರ ತುದಿಗೆ ಒಂದು ಹಳೆಯ ರೌಟರ್, ಆ ರೌಟರಿಗೆ ಒಂದು ಐಪಿ ಫೋನು. ಅಲ್ಲಿದ್ದ ಆಪರೇಟರಿಗೆ ಹೊರಗಿನ ಲೋಕ ಅಂದರೆ ಆ ಫೋನು.

ಆಪರೇಟರ್ ಹೆಸರು ಜವರಯ್ಯ. ಐವತ್ತು ದಾಟಿದವರು. ಪಂಪ್‌ಹೌಸಿಗೆ ಅಂಟಿಕೊಂಡ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ವಾಸ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮೊದಲು ನನಗೆ ಅವರು ಪರದೆಯ ಮೇಲೆ ‘ಫೋನು ಸಿಗುತ್ತಿಲ್ಲ’ ಅಂತ ತೋರಿಸುವ ಒಂದು ಕೆಂಪು ಚುಕ್ಕೆ ಮಾತ್ರ.

ಕಂಟ್ರೋಲ್ ರೂಮಿನ ಉಸ್ತುವಾರಿ ರವೀಶ ಅನ್ನುವ, ಮೂವತ್ತು ದಾಟಿದ ಚುರುಕು ಮನುಷ್ಯ. ಕೆಲಸಗಾರ, ಆದರೆ ಬಾಯಿ ಬಿಟ್ಟರೆ ಖಾರ. ಒಂದು ದಿನ ಮಂಡ್ಯಕ್ಕೆ ಫೋನ್ ಮಾಡಿ, “ಮೇಡಂ, ಇಂಟರ್‌ನೆಟ್ ಲೈನ್ ಹೊಸದು ಮಾಡ್ಸಿದ್ವಿ. ಅವತ್ತಿಂದ ನದಿ ಪಂಪ್‌ಹೌಸ್ ಫೋನ್ ಸತ್ತು ಬಿದ್ದಿದೆ. ಮಿಕ್ಕಿದ್ದೆಲ್ಲ ಸರಿಯಾಗಿವೆ,” ಅಂದ. ಮಾರನೆಯ ದಿನ ನಾನು ಮಳವಳ್ಳಿಗೆ ಹೋದೆ.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಇಂಟರ್‌ನೆಟ್ಟಿನಲ್ಲಿ ಎರಡು ಬಗೆಯ ವಿಳಾಸಗಳಿವೆ. ಹಳೆಯದು ಐಪಿವಿ 4; ಮುಗಿದುಹೋಗಿ, ಒಂದೇ ವಿಳಾಸವನ್ನು ಹತ್ತಾರು ಜನ ಹಂಚಿಕೊಳ್ಳುವ ಸ್ಥಿತಿಗೆ ಬಂದಿದೆ. ಹೊಸದು ಐಪಿವಿ 6. ಉದ್ದುದ್ದ ಇರುತ್ತದೆ, ಎಷ್ಟು ಹಂಚಿದರೂ ಸಾಲದು ಅನ್ನುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಯಂತ್ರಕ್ಕೆ ಡ್ಯುಯಲ್ ಸ್ಟ್ಯಾಕ್ ಅನ್ನುತ್ತಾರೆ. ಆದರೆ ಯಂತ್ರಕ್ಕೆ ಎರಡು ವಿಳಾಸ ಇದ್ದರೆ ಮುಗಿಯಲಿಲ್ಲ. ಒಳಗಿರುವ ಫೋನಿನ ಸಾಫ್ಟ್‌ವೇರಿಗೆ ‘ನೀನು ಇಂಥ ವಿಳಾಸದಲ್ಲಿ ಕೂತು ಕರೆಗೆ ಕಿವಿಗೊಡು’ ಅಂತ ಬರೆದು ಹೇಳಬೇಕು. ಇದಕ್ಕೇ ಬೈಂಡಿಂಗ್ ಅನ್ನುವುದು. ಎರಡು ಬಾಗಿಲಿನ ಮನೆಯಲ್ಲಿ ಇರುವವರೊಬ್ಬರು ಹಿತ್ತಲಲ್ಲೇ ಕೂತುಬಿಟ್ಟರೆ ಮುಂಬಾಗಿಲು ಬಡಿದದ್ದು ಎಲ್ಲಿ ಕೇಳಬೇಕು?

ಆಗಿದ್ದದ್ದು ಅದೇ. ಹೊಸ ಲೈನು ಹಾಕಿದವರು ಕಂಟ್ರೋಲ್ ರೂಮಿನಲ್ಲಿದ್ದ ಸರ್ವರಿನ ಬೈಂಡಿಂಗ್ ಸಾಲಿನಲ್ಲಿ ‘::’ ಅಂತ ಎರಡು ಕೋಲನ್ ಹಾಕಿ ಹೋಗಿದ್ದರು. ‘ಹೊಸ ಬಗೆಯ ಎಲ್ಲ ವಿಳಾಸಗಳು’ ಅಂತ ಅದರ ಅರ್ಥ. ಬಹುಪಾಲು ಯಂತ್ರಗಳಲ್ಲಿ ಹಾಗೆ ಹಾಕಿದರೆ ಹಳೆ ವಿಳಾಸದ ಕರೆಗಳೂ ಅದರೊಳಗೇ ಬಂದು ಸೇರಿಕೊಳ್ಳುತ್ತವೆ. ಈ ಯಂತ್ರದಲ್ಲಿ ಮಾತ್ರ ‘ಹೊಸದಕ್ಕೆ ಹೊಸದು ಮಾತ್ರ’ ಅನ್ನುವ ಇನ್ನೊಂದು ಸೆಟ್ಟಿಂಗ್ ಆನ್ ಆಗಿತ್ತು. ಬೇರೆ ಕಡೆಯ ಫೋನುಗಳಿಗೆಲ್ಲ ಹೊಸ ವಿಳಾಸ ಸಿಕ್ಕಿತ್ತು, ಅವು ಮಾತಾಡುತ್ತಿದ್ದವು. ಕಣಿವೆಯ ಹಳೆ ರೌಟರಿಗೆ ಹೊಸ ವಿಳಾಸ ಕೊಡಲು ಬರುತ್ತಿರಲಿಲ್ಲ. ಅದು ಪಾಪ ಮುಂಬಾಗಿಲು ಬಡಿಯುತ್ತಲೇ ಇತ್ತು. ನಾನು ಎರಡು ಸಾಲು ಬೇರೆ ಬೇರೆ ಮಾಡಿದೆ: ಹೊಸದಕ್ಕೆ ‘::’, ಹಳೆಯದಕ್ಕೆ ‘0.0.0.0’. ಸಾಫ್ಟ್‌ವೇರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಕೆಂಪು ಚುಕ್ಕೆ ಹಸಿರಾಯಿತು.

ಪರೀಕ್ಷೆಗೆ ಕರೆ ಮಾಡಿದೆ. ಹಿಂದಿನಿಂದ ಮೋಟರಿನ ಅಬ್ಬರ. ಆ ಅಬ್ಬರದ ಮೇಲೆ ಒಂದು ಗಂಡಸಿನ ದನಿ ಕೂಗಿತು: “ಕೇಳ್ತಾ ಅದೆ ಕಣಮ್ಮಾ! ಚೆಂದಾಗಿ ಕೇಳ್ತಾ ಅದೆ! ಯಾರಮ್ಮ ನೀವು?”

“ಫೋನ್ ರಿಪೇರಿಯವಳು.”

“ಯಾವೂರಮ್ಮ?”

“ಮದ್ದೂರು.”

“ಇನ್ನೊಂಚೂರು ಮಾತಾಡಿ ತಾಯಿ. ಮೂರ್ ದಿನಾಯ್ತು ಇದ್ರಲ್ಲಿ ಮನುಸರ ದನಿ ಕೇಳಿ.”

ನನಗೆ ಬಸ್ಸಿನ ಹೊತ್ತಾಗಿತ್ತು. ಇನ್ನೊಂದು ದಿನ ಮಾತಾಡೋಣ ಅಂತ ಇಟ್ಟೆ. ಬಸ್ಸಿನಲ್ಲಿ ಕೂತ ಮೇಲೆ, ಅಯ್ಯೋ, ಎರಡು ನಿಮಿಷ ಮಾತಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅನ್ನಿಸಿತು. ಮದ್ದೂರಿಗೆ ಹೋಗಿ ನಾನು ತಾನೆ ಮಾಡುವುದೇನಿತ್ತು?

ಒಂದೂವರೆ ವಾರ ಕಳೆದಿರಬಹುದು. ಗುರುವಾರ ರವೀಶ ಮತ್ತೆ ಕರೆ ಮಾಡಿದ. ಈ ಸಲ ಫೋನಿನ ಮೇಲಲ್ಲ ದೂರು, ಜವರಯ್ಯನ ಮೇಲೆ.

“ಮೇಡಂ, ಅವನಿಗೆ ಕೊಬ್ಬು. ರಿಂಗ್ ಆಗುತ್ತೆ, ಎತ್ತುತಾನೆ, ಎತ್ತಿ ಸುಮ್ನೆ ನಿಂತ್ಕೋತಾನೆ. ಮೋಟರ್ ಹಾಕಯ್ಯ ಹಾಕಯ್ಯ ಅಂತ ನಾನಿಲ್ಲಿ ಗಂಟಲು ಹರ್ಕೋತೀನಿ, ಉಸಿರಿಲ್ಲ ಅವನದು. ನಿಲ್ಸು ಅಂತ ಮಾಡಿ ನೋಡಿ, ‘ಆಯ್ತು ಸಾರ್’ ಅಂತ ತಕ್ಷಣ ನಿಲ್ಸ್ತಾನೆ. ನಿಲ್ಸು ಅನ್ನೋದು ಕೇಳುತ್ತೆ, ಹಾಕು ಅನ್ನೋದು ಕೇಳಲ್ಲ. ಇದಕ್ಕೇನಂತೀರಿ?”

ನಗು ಬರುವಂಥ ಮಾತು, ಆದರೆ ನಗುವ ಪರಿಸ್ಥಿತಿ ಇರಲಿಲ್ಲ. ಪ್ರತಿ ಸಲವೂ ಬ್ಲಫ್‌ನಿಂದ ಯಾರನ್ನಾದರೂ ಕೆಳಗೆ ಓಡಿಸಿ ಮೋಟರ್ ಹಾಕಿಸಬೇಕಾಗುತ್ತಿತ್ತು. ಅಷ್ಟರಲ್ಲಿ ಟ್ಯಾಂಕು ತಳ ಕಾಣುತ್ತಿತ್ತು. ಹಳ್ಳಿಗಳಲ್ಲಿ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಪಂಚಾಯಿತಿ ಮುಂದೆ ಕೂತಿದ್ದರು. ಗುತ್ತಿಗೆದಾರರು ರವೀಶನಿಗೆ ಉಗಿದಿದ್ದರು, ರವೀಶ ಜವರಯ್ಯನ ಮೇಲೆ ದೂರು ಬರೆದುಕೊಟ್ಟಿದ್ದ. ಸೋಮವಾರ ಬೇರೆ ಆಪರೇಟರ್ ಬರುವುದೆಂದು ತೀರ್ಮಾನವಾಗಿತ್ತು. ಜವರಯ್ಯ ಕೆಲಸ ಬಿಡಬೇಕು, ಕೋಣೆಯನ್ನೂ ಬಿಡಬೇಕು.

“ನೀವು ಬಂದು ಚೆಕ್ ಮಾಡಿ, ಲೈನಿನಲ್ಲಿ ದೋಷ ಇಲ್ಲ ಅಂತ ಒಂದು ಮಾತು ಬರೆದುಕೊಟ್ಟುಬಿಡಿ. ಅಷ್ಟೇ ಬೇಕಾಗಿರೋದು,” ಅಂದ.

ಶುಕ್ರವಾರ ಹೋಗಿ ಸರ್ವರನ್ನು ಜಾಲಾಡಿದೆ. ಎರಡು ಬೈಂಡಿಂಗೂ ಸರಿಯಾಗಿದ್ದವು. ಪಂಪ್‌ಹೌಸಿನ ಫೋನು ಹಸಿರಾಗಿಯೇ ಇತ್ತು. ಕರೆ ಮಾಡಿದೆ; ಮೋಟರ್ ಓಡುತ್ತಿತ್ತು; ಜವರಯ್ಯ ಮಾತಾಡಿದರು, ನನ್ನ ಮಾತೂ ಅವರಿಗೆ ಕೇಳಿಸಿತು. ರವೀಶ ಕೈ ತಿರುಗಿಸಿ, “ನೋಡಿದ್ರಾ?” ಅಂದ. “ಈಗ ಓಡ್ತಿದೆಯಲ್ಲ, ಅದಕ್ಕೆ ಮಾತಾಡ್ದ. ಎದ್ದು ಹೋಗಿ ಹ್ಯಾಂಡಲ್ ಎಳೆಯೋ ಕೆಲಸ ಇಲ್ವಲ್ಲ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ತಿರುಗಿ ಬೈಯಲು ನನ್ನ ಹತ್ತಿರ ಏನೂ ಇರಲಿಲ್ಲ. ತಂತಿಗೆ ‘ಹಾಕು’ ಯಾವುದು ‘ನಿಲ್ಲಿಸು’ ಯಾವುದು ಅಂತ ಗೊತ್ತಾಗುವುದಿಲ್ಲ. ಒಂದು ಮಾತನ್ನು ದಾಟಿಸಿ ಇನ್ನೊಂದನ್ನು ನುಂಗುವ ಸರ್ವರನ್ನು ನನ್ನ ಜನ್ಮದಲ್ಲಿ ನೋಡಿಲ್ಲ. ಹಾಗಾದರೆ ಮನುಷ್ಯನದೇ ತಪ್ಪು ಅನ್ನುವುದು ರವೀಶನ ಲೆಕ್ಕ, ನನಗೂ ಅರೆಮನಸ್ಸಿನಿಂದ ಹಾಗೇ ಅನ್ನಿಸಿತು. ಆದರೂ ಬರೆದುಕೊಡಲು ಕೈ ಓಡಲಿಲ್ಲ. ಇನ್ನೊಂಚೂರು ಮಾತಾಡಿ ಅಂದ ಮನುಷ್ಯ, ಎಂಟು ಹತ್ತು ದಿನದಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದು ಹೇಗೆ?

“ನಾಳೆ ಕೆಳಗೆ ಹೋಗಿ ನೋಡ್ತೀನಿ. ಮಧ್ಯಾಹ್ನ ಹನ್ನೆರಡಕ್ಕೆ ನೀವು ಯಾವಾಗ್ಲೂ ಮಾಡೋ ಹಂಗೇ ಫೋನ್ ಮಾಡಿ, ‘ಹಾಕು’ ಅನ್ನಿ,” ಅಂದೆ.

“ಅಷ್ಟು ಕೆಳಕ್ಕೆ ಬಿಸಿಲಲ್ಲಿ ಯಾಕೆ ಸಾಯ್ತೀರಿ ಮೇಡಂ?”

“ಸತ್ರೆ ನಿಮಗೇನು ಖರ್ಚಿಲ್ಲ ಬುಡಿ,” ಅಂದೆ.

ಶನಿವಾರ ಬೆಳಿಗ್ಗೆ ಮದ್ದೂರು ಬಿಟ್ಟೆ. ಚಿಕ್ಕರಸಿನಕೆರೆಯಲ್ಲಿ ದೇವಸ್ಥಾನಕ್ಕೆ ಬಂದಿದ್ದ ಜನ ಹತ್ತಿ ಬಸ್ಸು ಉಸಿರಾಡಲೂ ಜಾಗವಿಲ್ಲದ ಹಾಗೆ ತುಂಬಿತು. ಎಲ್ಲರೂ ಮನೆಮಂದಿ ಸಮೇತ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ಮಗು, ಒಬ್ಬರ ಪ್ರಸಾದ ಇನ್ನೊಬ್ಬರ ಬಾಯಿಗೆ. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬ್ಲಫ್‌ನಲ್ಲಿ ಇಳಿಯುವ ಹೊತ್ತಿಗೆ ನಾನೂ ಕಂಡಕ್ಟರೂ ಇನ್ನಿಬ್ಬರೂ ಉಳಿದಿದ್ದೆವು. ಅಲ್ಲಿಂದ ಕೆಳಕ್ಕೆ ನಾನೊಬ್ಬಳೇ. ಬಂಡೆಗಳು ಕಾದು ಕೆಂಡವಾಗಿದ್ದವು. ಇಳಿಯುತ್ತ ಇಳಿಯುತ್ತ ರಸ್ತೆಯ ಸದ್ದು ನಿಂತಿತು, ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾದವು. ಇಂಥ ಜಾಗದಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಹೇಗಿರುತ್ತಾನಪ್ಪ ಅಂದುಕೊಂಡೆ.

ಜವರಯ್ಯ ಬಾಗಿಲಲ್ಲೇ ನಿಂತಿದ್ದರು. ತೆಳ್ಳಗೆ, ಉದ್ದಕ್ಕೆ, ಹೆಗಲ ಮೇಲೆ ಟವೆಲು. ನನ್ನ ದನಿ ಕೇಳಿದ್ದೇ, “ಮದ್ದೂರಮ್ಮ ಅಲ್ವಾ?” ಅಂದರು. ಒಳಗೆ ಕೂರಿಸಿ ನೀರು ಕೊಟ್ಟರು. ಸೋಮವಾರದ ವಿಷಯ ಅವರಿಗೆ ಗೊತ್ತಾಗಿತ್ತು. ಕೋಣೆಯಲ್ಲಿ ಬಟ್ಟೆಗಳನ್ನು ಗಂಟು ಕಟ್ಟಿ ಇಟ್ಟಿದ್ದರು. ನಾನು ಗಂಟು ನೋಡಿದ್ದನ್ನು ನೋಡಿ, “ಎಲ್ಗೆ ಅಂತ ಇನ್ನೂ ಯೋಚ್ನೆ ಮಾಡಿಲ್ಲ ಕಣಮ್ಮ,” ಅಂದರು.

ಮೋಟರ್ ನಿಂತಿತ್ತು. ಆ ದಪ್ಪ ಕಲ್ಲುಗೋಡೆಯ ಒಳಗೆ ಏನು ನಿಶ್ಶಬ್ದ ಅಂತೀರಿ! ನಾನು ಲ್ಯಾಪ್‌ಟಾಪನ್ನು ಫೋನಿನ ದಾರಿಗೆ ಜೋಡಿಸಿ, ಮಾತನ್ನು ತುಂಡು ತುಂಡಾಗಿ ಹೊತ್ತೊಯ್ಯುವ ಪ್ಯಾಕೆಟ್ಟುಗಳು ಬಂದು ಹೋಗುವುದು ಕಾಣುವ ಹಾಗೆ ಮಾಡಿಕೊಂಡು ಕೂತೆ. ಹನ್ನೆರಡಕ್ಕೆ ಸರಿಯಾಗಿ ಫೋನು ಬಡಿಯಿತು. ಜವರಯ್ಯ ಎದ್ದು, ಟವೆಲಿನಲ್ಲಿ ಕೈ ಒರೆಸಿಕೊಂಡು, ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಎದುರಿಗೆ ಯಾರೋ ಹಿರಿಯರು ಕೂತಿದ್ದಾರೆ ಅನ್ನುವ ಹಾಗೆ ನೆಟ್ಟಗೆ ನಿಂತರು. ನಿಂತೇ ಇದ್ದರು. ಬಾಯಿ ಬಿಡಲಿಲ್ಲ.

ನಾನು ಪರದೆ ನೋಡಿದೆ. ಕರೆ ಸೇರಿದೆ. ಈ ಕಡೆಯಿಂದ ಒಂದು ಪ್ಯಾಕೆಟ್ಟೂ ಹೋಗುತ್ತಿಲ್ಲ, ಆ ಕಡೆಯಿಂದ ಒಂದೂ ಬರುತ್ತಿಲ್ಲ. ಏನಾಯಿತು ಅಂತ ಕೈಸನ್ನೆ ಮಾಡಿದೆ. ಅವರು ರಿಸೀವರಿನ ಬಾಯಿಯ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಪಿಸುಗುಟ್ಟಿದರು: “ಇನ್ನೂ ಮಾತಾಡ್ನಿಲ್ಲ ಕಣಮ್ಮ ಅವ್ರು.”

ರಿಸೀವರ್ ಇಸಿದುಕೊಂಡು, “ಹಲೋ ರವೀಶ!” ಅಂದೆ. ಅಂದದ್ದೇ ತಡ, ಪರದೆಯ ಮೇಲೆ ಪ್ಯಾಕೆಟ್ಟುಗಳು ಎರಡೂ ಕಡೆಯಿಂದ ದಬದಬ ಹರಿದವು, ಕಿವಿಯಲ್ಲಿ ರವೀಶನ ಕೂಗು ಸಿಡಿಯಿತು: “...ನಾಲ್ಕು ಸಲ ಕೂಗಿದೆ ಮೇಡಂ! ನೋಡಿದ್ರಾ ಅವನ ಆಟ?”

“ಫೋನ್ ಇಡಿ, ಆಮೇಲೆ ಮಾತಾಡ್ತೀನಿ,” ಅಂದೆ. ಎಲ್ಲ ಒಟ್ಟಿಗೇ ಅರ್ಥವಾಗಿತ್ತು.

ವಿಷಯ ಇಷ್ಟು. ಹಳೆಯ ಲೈನಿನಲ್ಲಿ ಸರ್ವರಿಗೂ ಈ ಫೋನಿಗೂ ನಡುವೆ ನೇರ ದಾರಿ ಇತ್ತು. ಹೊಸ ವ್ಯವಸ್ಥೆಯಲ್ಲಿ ಈ ಫೋನು ಹಳೆಯ ಬಗೆಯ ವಿಳಾಸ ಹಿಡಿದು, ರೌಟರಿನ ಮರೆಯಲ್ಲಿ ಕೂತಿದೆ. ಅದರ ನಿಜವಾದ ವಿಳಾಸ ಹೊರಗಿನವರಿಗೆ ಕಾಣುವುದಿಲ್ಲ. ರಿಂಗ್ ಆಗುವ ದಾರಿ ಬೇರೆ, ಅದನ್ನು ಫೋನು ಆಗಾಗ ತಾನೇ ತಟ್ಟಿ ತೆರೆದಿಟ್ಟುಕೊಂಡಿರುತ್ತದೆ. ಮಾತು ಹೋಗುವ ದಾರಿ ಹಾಗಲ್ಲ. ಫೋನು ಒಳಗಿನಿಂದ ಮೊದಲು ಒಂದು ಪ್ಯಾಕೆಟ್ ಮಾತು ಕಳಿಸಬೇಕು. ಆಗ ಸರ್ವರು ‘ಓ, ಇಲ್ಲಿದ್ದೀಯಾ’ ಅಂತ ಅದೇ ಜಾಡು ಹಿಡಿದು ಉತ್ತರ ಕಳಿಸುತ್ತದೆ. ಸಾಮಾನ್ಯವಾಗಿ ಇದು ತೊಂದರೆ ಕೊಡುವುದಿಲ್ಲ, ಯಾಕೆಂದರೆ ಯಾರೂ ಮಾತಾಡದಿದ್ದರೂ ಫೋನು ಕೋಣೆಯ ಸದ್ದನ್ನು ಕಳಿಸುತ್ತಲೇ ಇರುತ್ತದೆ. ಆದರೆ ಈ ಫೋನಿನಲ್ಲಿ ಸೈಲೆನ್ಸ್ ಸಪ್ರೆಷನ್ ಅನ್ನುವ ಸೆಟ್ಟಿಂಗ್ ಆನ್ ಆಗಿತ್ತು. ರೇಡಿಯೊ ಲಿಂಕ್ ಸಪೂರ, ಸುಮ್ಮನಿದ್ದಾಗ ಏನೂ ಕಳಿಸದೆ ಉಳಿತಾಯ ಮಾಡಲಿ ಅಂತ ಮೊದಲು ಫೋನ್ ಕೂರಿಸಿದವರು ಹಾಕಿದ್ದು. ಮೋಟರ್ ಓಡುವಾಗ ಅದರ ಅಬ್ಬರವೇ ಮೊದಲ ಪ್ಯಾಕೆಟ್ಟಾಗಿ ಹೋಗಿ ದಾರಿ ತೆರೆಯುತ್ತಿತ್ತು, ‘ನಿಲ್ಲಿಸು’ ಕೇಳುತ್ತಿತ್ತು. ಮೋಟರ್ ನಿಂತಾಗ ಕೋಣೆ ಮೌನ, ಜವರಯ್ಯನೂ ಮೌನ, ‘ಹಾಕು’ ದಾರಿಯಲ್ಲೇ ಕಳೆದುಹೋಗುತ್ತಿತ್ತು.

“ಜವರಣ್ಣ,” ಅಂದೆ, “ಫೋನ್ ಎತ್ತಿದ ಕೂಡಲೇ ಹಲೋ ಅನ್ನಲ್ವಾ ನೀವು?”

ಅವರಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ನಾನ್ಯಾಕಮ್ಮ ಅನ್ಲಿ? ಪೋನ್ ಮಾಡಿರೋರು ಅವ್ರು. ಮೊದ್ಲು ನಾಲೆ ಕೆಲ್ಸದಲ್ಲಿದ್ದೆ, ವೈರ್ಲೆಸ್ ಸೆಟ್ಟು. ಕಂಟ್ರೋಲ್ನೋರು ಮದ್ಲು ಮಾತಾಡ್ಬೇಕು, ಅವ್ರು ಮುಗ್ಸಿದ್ ಮೇಲೆ ನಾವು ಬಾಯ್ ಬುಡ್ಬೇಕು. ನಡುವೆ ಬಾಯಾಕುದ್ರೆ ಇಬ್ರುದೂ ಕೇಳಲ್ಲ. ಹಂಗೇ ರೂಢಿ ಆಗೋಗದೆ.”

ವೈರ್‌ಲೆಸ್ಸಿನಲ್ಲಿ ಅದು ಸರಿಯೇ. ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಸೆಟ್ಟು ಹಿಡಿದ ಕೆಲಸಗಾರ ಕಾಯಬೇಕು. ಆ ಕಸುಬಿನಲ್ಲಿ ಬೆಳೆದವರೆಲ್ಲ ಹಾಗೇ.

“ಇಷ್ಟು ದಿನ ಆ ಕಡೆಯಿಂದ ದನಿ ಬರದೇ ಇದ್ದಾಗ ನಿಮಗೆ ಏನನ್ನಿಸ್ತು?”

ಅವರು ಹೆಗಲ ಮೇಲಿನ ಟವೆಲು ತೆಗೆದು ಮಡಿಚಿದರು. ಆಮೇಲೆ, “ಕ್ವಾಪ ಅದೆ ನನ್ ಮೇಲೆ ಅಂದ್ಕಂಡೆ. ಏನೋ ತಪ್ ಮಾಡಿವ್ನಿ, ಅದ್ಕೇ ಪೋನ್ ಮಾಡ್ತಾರೆ, ಮಾತಾಡಲ್ಲ, ಮಡುಗ್ಬುಡ್ತಾರೆ ಅಂತ. ಒಂದೆರಡ್ ಸಲ ತಡ್ಕಳಕ್ಕಾಗ್ದೆ ‘ಸಾರ್’ ಅಂದೆ. ಅಷ್ಟೊತ್ಗೆ ಮಡುಗ್ಬುಟ್ಟಿದ್ರು,” ಅಂದರು.

“ಮತ್ತೆ ನೀವ್ಯಾಕೆ ಅಷ್ಟು ಹೊತ್ತು ಹಿಡ್ಕೊಂಡೇ ನಿಂತಿರ್ತಿದ್ರಿ? ಇಟ್ಟುಬಿಡಬಹುದಿತ್ತಲ್ಲ.”

“ಆ ಕಡೆ ಒಬ್ರು ಅವ್ರಲ್ಲಾ ಕಣಮ್ಮ. ಮಾತಾಡ್ದಿದ್ರೆ ಕತ್ತೆ ಬಾಲ. ಅವ್ರೆ ಅನ್ನೋದು ಒಂದಿತ್ತಲ್ಲ. ನಾನಾಗಿ ಮಡುಗಕ್ಕೆ ಮನಸ್ ಬತ್ತಿರ್ನಿಲ್ಲ.”

ಕಣ್ಣು ಒದ್ದೆಯಾದದ್ದು ಕಾಣದಿರಲಿ ಅಂತ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ನಾನೂ ಆ ದಿನಗಳಲ್ಲಿ ಮನೆಯ ಹಾಲಿನಲ್ಲಿ ಟಿವಿ ಹಾಕಿ ಹೋಗಿ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಏನು ಬರುತ್ತಿದೆ ಅಂತ ನೋಡುತ್ತಲೂ ಇರಲಿಲ್ಲ, ಆ ಕೋಣೆಯಲ್ಲಿ ಯಾರೋ ಇದ್ದ ಹಾಗೆ ಇರಲಿ ಅಂತ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

‘ಎತ್ತಿದ ತಕ್ಷಣ ಹಲೋ ಅನ್ನಿ’ ಅಂತ ಕಲಿಸಿ ಬಂದುಬಿಡಬಹುದಿತ್ತು. ಅದು ಒಂದು ನಿಮಿಷದ ಕೆಲಸ. ಆದರೆ ನಾಳೆ ಮರೆತು ಸುಮ್ಮನೆ ನಿಂತರೆ ಮತ್ತೆ ಅದೇ ಕಥೆ, ಮತ್ತೆ ಇವರದೇ ತಪ್ಪು. ಯಂತ್ರದ ತಪ್ಪಿಗೆ ಮನುಷ್ಯನನ್ನು ಯಾಕೆ ತಿದ್ದಬೇಕು ಅನ್ನಿಸಿ, ಫೋನಿನ ಸೆಟ್ಟಿಂಗ್ ಪುಟ ತೆರೆದು ಸೈಲೆನ್ಸ್ ಸಪ್ರೆಷನ್ ಎದುರಿದ್ದ ಗುರುತು ತೆಗೆದುಹಾಕಿದೆ. ಲಿಂಕ್ ಆ ಭಾರ ತಡೆಯುತ್ತದೆಯೇ ಅಂತ ನೋಡಿದೆ, ಆರಾಮಾಗಿ ತಡೆಯುತ್ತಿತ್ತು. ಸುಮ್ಮನೆ ಹಾಕಿದ್ದ ಜಿಪುಣತನ ಅದು. ಜವರಯ್ಯ ಮುದ್ದೆ, ಉಪ್ಸಾರು ಮಾಡಿದ್ದರು, ಬೇಡ ಅಂದರೂ ಬಿಡಲಿಲ್ಲ. ಹೊರಡುವಾಗ, “ಸೋಮವಾರ ಅನ್ನೋದು ಏನಾಯ್ತದಮ್ಮ?” ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಗಂಟು ಬಿಚ್ಚಿ ಅಂತ ಹೇಳುವ ಧೈರ್ಯ ಬರಲಿಲ್ಲ.

ರವೀಶನಿಗೆ ಬ್ಲಫ್‌ನಿಂದಲೇ ಎಲ್ಲ ವಿವರಿಸಿದೆ. “ಏನೇನೋ ಕಥೆ ಹೇಳ್ತೀರಿ ಮೇಡಂ. ಹಲೋ ಅನ್ನಕ್ಕೆ ಬರದೇ ಇರೋ ಮನುಷ್ಯ ಇರ್ತಾನಾ?” ಅಂದ. ಅವನ ಮೇಲೂ ಒತ್ತಡ ಇತ್ತು. ಬರೆದುಕೊಟ್ಟದ್ದನ್ನು ವಾಪಸು ಪಡೆಯುವುದು ಅಂದರೆ ಗುತ್ತಿಗೆದಾರರ ಮುಂದೆ ತಲೆ ತಗ್ಗಿಸಬೇಕು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಭಾನುವಾರ ರಜೆ. ಆದರೂ ಬೆಳಿಗ್ಗೆಯೇ ಮಳವಳ್ಳಿಗೆ ಹೋಗಿ ಕಂಟ್ರೋಲ್ ರೂಮಿನಲ್ಲಿ ಅವನ ಎದುರಿನ ಕುರ್ಚಿಯಲ್ಲಿ ಕೂತೆ.

“ಫೋನ್ ಮಾಡಿ, ಸ್ಪೀಕರ್ ಹಾಕಿ. ಆದರೆ ಎತ್ತಿದ ಮೇಲೆ ಮಾತಾಡಬೇಡಿ. ಸುಮ್ನೆ ಕೇಳಿ,” ಅಂದೆ.

“ಇದೆಂಥ ಟೆಸ್ಟು?”

“ಮಾಡ್ರಿ ಅಂದ್ರೆ ಮಾಡ್ರಿ.”

ಎರಡು ಸಲ ರಿಂಗ್ ಆಯಿತು. ಎತ್ತಿದರು. ಮೋಟರ್ ನಿಂತಿತ್ತು. ಇಷ್ಟು ದಿನ ಈ ಕ್ಷಣದಲ್ಲಿ ರವೀಶನಿಗೆ ಕೇಳಿಸುತ್ತಿದ್ದದ್ದು ಸತ್ತ ಫೋನಿನ ಬರಿ ಮೌನ. ಈಗ ಸ್ಪೀಕರಿನಿಂದ ಮೆಲ್ಲಗೆ ಒಂದು ಕೋಣೆ ಕೇಳಿಸತೊಡಗಿತು. ಫ್ಯಾನಿನ ಟಕಟಕ. ದೂರದಲ್ಲಿ ನೀರು. ಹತ್ತಿರದಲ್ಲಿ ಒಬ್ಬ ಮನುಷ್ಯನ ಉಸಿರು. ಆತ ರಿಸೀವರನ್ನು ಪಕ್ಕಕ್ಕೆ ಹಿಡಿದು, ಕೇಳಿಸಬಾರದು ಅಂತ ಎಚ್ಚರದಿಂದ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. ಮತ್ತೆ ಉಸಿರು. ನಿಂತೇ ಇದ್ದರು. ಆ ಕಡೆಯವರು ಮಾತಾಡಲಿ ಅಂತ ಕಾಯುತ್ತಿದ್ದರು.

ರವೀಶ ಮೇಜಿನ ಮೇಲೆ ಕೈಯೂರಿ ಆ ಸ್ಪೀಕರನ್ನೇ ನೋಡುತ್ತಿದ್ದ. ನಾನು ನೋಡಿದ ಹಾಗೆ ಅವನ ಮುಖ ಇಳಿಯಿತು. ಆಮೇಲೆ, ಯಾವತ್ತೂ ಅವನ ಬಾಯಲ್ಲಿ ಕೇಳದ ದನಿಯಲ್ಲಿ, “ತಿಂಡಿ ಆಯ್ತಾ?” ಅಂದ.

ಆ ಕಡೆ ಉಸಿರು ನಿಂತಿತು. ನಂತರ ಜವರಯ್ಯನ ದನಿ, ಅನುಮಾನಿಸುತ್ತ: “ಯಾರ್ನ ಸಾರ್ ಕೇಳ್ತಿರೋದು? ಇಲ್ಲಿ ನಾನೊಬ್ನೇ ಇರೋದು.”

“ನಿಮ್ಮನ್ನೇ ಕಣ್ರೀ ಜವರಯ್ಯನೋರೆ,” ಅಂದ ರವೀಶ. ಅಂದವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತ. ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ.

ಬರೆದುಕೊಟ್ಟದ್ದನ್ನು ಅವತ್ತೇ ಮಧ್ಯಾಹ್ನ ರವೀಶ ಗುತ್ತಿಗೆದಾರರ ಮನೆಗೇ ಹೋಗಿ ವಾಪಸು ಪಡೆದ. ಚೆನ್ನಾಗಿ ಬೈಸಿಕೊಂಡು ಬಂದನಂತೆ. ಸೋಮವಾರ ಬೇರೆ ಆಪರೇಟರ್ ಬರಲಿಲ್ಲ. ಒಂದೆರಡು ತಿಂಗಳ ಮೇಲೆ ಕಣಿವೆಗೂ ಹೊಸ ರೌಟರ್ ಹಾಕಿ, ಆ ಫೋನಿಗೂ ಹೊಸ ಬಗೆಯ ವಿಳಾಸ ಕೊಟ್ಟೆವು. ಈಗ ದಾರಿ ನೇರ, ಯಾರು ಮೊದಲು ಮಾತಾಡಿದರೂ ನಡೆಯುತ್ತದೆ. ಜವರಯ್ಯ ಈಗಲೂ ಮೊದಲು ಮಾತಾಡುವುದಿಲ್ಲವಂತೆ.

ಆ ಕೇಸಿನಲ್ಲಿ ತಾಂತ್ರಿಕವಾಗಿ ನಾನು ಕಲಿತದ್ದು ಒಂದು ಪುಟದಷ್ಟು: ಡ್ಯುಯಲ್ ಸ್ಟ್ಯಾಕ್ ಸರ್ವರಿನಲ್ಲಿ ಎರಡು ಬೈಂಡಿಂಗ್ ಬೇರೆ ಬೇರೆ ಬರೆಯಿರಿ, ಪರದೆಯ ಹಸಿರು ಚುಕ್ಕೆಯನ್ನು ನಂಬಬೇಡಿ, ಗದ್ದಲದಲ್ಲಿ ಮಾಡಿದ ಪರೀಕ್ಷೆಯನ್ನು ನಿಶ್ಶಬ್ದದಲ್ಲೂ ಮಾಡಿ. ಕಸುಬು ಕಲಿಸಿದ್ದು ಇನ್ನೊಂದಿದೆ. ಲೈನಿನಲ್ಲಿ ಮಾತು ಬರದಿದ್ದರೆ ಆ ಕಡೆಯವರಿಗೆ ಮಾತಾಡಲು ಇಷ್ಟವಿಲ್ಲ ಅಂತ ತೀರ್ಮಾನಿಸುವ ಮೊದಲು ಎದ್ದು ಅಲ್ಲಿಗೆ ಹೋಗಿ ನೋಡಬೇಕು. ಈಗ ನಾನು ಎಲ್ಲಿ ಹೊಸ ಫೋನು ಹಾಕಿದರೂ ಮೊದಲು ಆ ಸೈಲೆನ್ಸ್ ಸಪ್ರೆಷನ್ ಗುರುತು ತೆಗೆಯುತ್ತೇನೆ. ಸುಮ್ಮನಿದ್ದಾಗಲೂ ಡೇಟಾ ಖರ್ಚಾಗುತ್ತದಲ್ಲ ಮೇಡಂ ಅಂತ ಯಾರಾದರೂ ಗೊಣಗುತ್ತಾರೆ. ಆಗಲಿ ಬುಡಿ ಅನ್ನುತ್ತೇನೆ. ಒಬ್ಬರು ಮಾತಿಲ್ಲದೆ ಕೂತಿದ್ದರೂ, ಅವರು ಅಲ್ಲಿದ್ದಾರೆ ಅನ್ನುವುದು ಈ ಕಡೆಗೆ ಕೇಳಿಸುತ್ತಿರಬೇಕು.